ಹೆಸರು ಹೇಳದ ಅತಿಥಿ

ಕಳೆದ ಆಷಾಢದ ಒಂದು ಸಂಜೆ ನಮ್ಮ ಕಾಲೇಜಿನ ಕನ್ನಡ ಸಂಘದವರು ‘ಆ ಕರಾಳ ರಾತ್ರಿ’ ಎಂಬ ಚಲಚ್ಚಿತ್ರವನ್ನು ಸಭಾಂಗಣದ ಗೋಡೆಯ ಮೇಲೆ ತೋರಿಸಿದರು. ಹೊರಗೆ ಮಳೆ. ಮಲೆನಾಡಿನ ಆಷಾಢದ ಮಳೆಯನ್ನು ಕಂಡವರಿಗೆ ಅದನ್ನು ಬಣ್ಣಿಸಬೇಕಾದುದಿಲ್ಲ. ಕಾಣದವರಿಗೆ ಬಣ್ಣಿಸಿ ಪ್ರಯೋಜನವಿಲ್ಲ. ಹೆಂಚಿನ ಮೇಲೆ ಸುರಿಯುತ್ತಿದ್ದ ನೀರಿನ ಸದ್ದಿನಲ್ಲಿ ಪಾತ್ರಗಳ ಮಾತು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಎರಡು ಸಲ ವಿದ್ಯುತ್ತು ಹೋಯಿತು. ಆದರೂ ಯಾರೂ ಎದ್ದು ಹೋಗಲಿಲ್ಲ. ಮೂಡಿಗೆರೆ, ಕಳಸ, ಕೊಟ್ಟಿಗೆಹಾರದ ಕಡೆಯ ಹುಡುಗ ಹುಡುಗಿಯರು, ಮಕ್ಕಳನ್ನು ಕರೆದೊಯ್ಯಲು ಬಂದು ಮಳೆಗೆ ಸಿಕ್ಕಿಕೊಂಡ ಕೆಲವರು ಹಿರಿಯರು, ನಾವು ಮೂರು ನಾಲ್ಕು ಜನ ಅಧ್ಯಾಪಕರು, ಎಲ್ಲರೂ ಕಡೆಯವರೆಗೆ ಕುಳಿತಿದ್ದೆವು. ಚಿತ್ರ ಮುಗಿದ ಮೇಲೆ ಚಪ್ಪಾಳೆ ಬೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾತು ಹತ್ತಿಕೊಂಡಿತು. ಅದು ಆ ರಾತ್ರಿ ಮುಗಿಯಲಿಲ್ಲ, ಒಂದು ವಾರ ತರಗತಿಗಳಲ್ಲಿಯೂ ಮುಂದುವರಿಯಿತು. ಆ ಮಾತುಗಳನ್ನು ಕುರಿತೇ ಇಲ್ಲಿ ನಾಲ್ಕು ಮಾತು.

ದಯಾಳ್ ಪದ್ಮನಾಭನ್ ನಿರ್ದೇಶಿಸಿದ ಈ ಚಿತ್ರ 2018ರಲ್ಲಿ ತೆರೆಕಂಡಿತು. ಆ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ಮೊದಲ ಅತ್ಯುತ್ತಮ ಚಿತ್ರವೆನ್ನಿಸಿಕೊಂಡಿತು. ಮೂಲ, ಮೋಹನ ಹಬ್ಬು ಅವರ ನಾಟಕ. ಗುಟ್ಟನ್ನು ಬಿಟ್ಟುಕೊಡದೆ ಈ ಲೇಖನ ಮುಂದುವರಿಯದು; ಚಿತ್ರವನ್ನು ಇನ್ನೂ ನೋಡದ ವಾಚಕರು ಕ್ಷಮಿಸಬೇಕು. ಎಂಬತ್ತರ ದಶಕದ ಮಲೆನಾಡು. ಒಂಟಿ ಮನೆ. ಬಡತನದಲ್ಲಿ ಬೆಂದ ತಂದೆ, ತಾಯಿ, ಮದುವೆಯಾಗದೆ ಉಳಿದ ಮಗಳು. ಹಣವಂತನಾದ ತರುಣನೊಬ್ಬ ಬಂದು ಒಂದು ರಾತ್ರಿಗೆ ಆಶ್ರಯ ಬೇಡುತ್ತಾನೆ. ಅವನಲ್ಲಿರುವ ಐಶ್ವರ್ಯವನ್ನು ಕಂಡ ಮನೆಯವರು ಅವನನ್ನು ಕೊಲ್ಲುತ್ತಾರೆ. ಕೊಂದ ಮೇಲೆ ತಿಳಿಯುತ್ತದೆ, ಅವನು ಬಾಲ್ಯದಲ್ಲಿ ಮನೆ ಬಿಟ್ಟು ಹೋಗಿದ್ದ ಅದೇ ಮನೆಯ ಮಗ. ರಂಗಾಯಣ ರಘು ತಂದೆ, ವೀಣಾ ಸುಂದರ್ ತಾಯಿ, ಅನುಪಮಾ ಗೌಡ ಮಗಳು, ಕಾರ್ತಿಕ್ ಜಯರಾಮ್ ಅತಿಥಿ. ಮುಂದೆ ಇದೇ ನಿರ್ದೇಶಕರು ಇದನ್ನು 2020ರಲ್ಲಿ ತೆಲುಗಿನಲ್ಲಿಯೂ 2023ರಲ್ಲಿ ತಮಿಳಿನಲ್ಲಿಯೂ ಮಾಡಿದರು. ತಮಿಳಿನ ಹೆಸರು ‘ಕೊಂಡ್ರಾಲ್ ಪಾವಂ’, ಎಂದರೆ ಕೊಂದರೆ ಪಾಪ. ‘ಕೊಂದ ಪಾಪ ತಿಂದು ಪರಿಹಾರ’ ಎಂಬ ನಮ್ಮ ಗಾದೆಗೆ ತಮಿಳಿನಲ್ಲೊಂದು ಜೋಡಿಯುಂಟು. ಅದರ ಮೊದಲರ್ಧವನ್ನಿಟ್ಟು ಕಡೆಯರ್ಧವನ್ನು ಬಿಟ್ಟಿರುವುದು ಸೊಗಸಾಗಿದೆ.

ಮೊದಲು ಎದ್ದವನು ಕಳಸದ ಕಡೆಯ ಹುಡುಗ. ಅವನಿಗೆ ಸಿಟ್ಟು ಬಂದಿದ್ದಿತು. “ಸರ್, ಇದು ನಮ್ಮ ಸೀಮೆಗೆ ಮಾಡಿದ ಅಪಚಾರ” ಎಂದ. ಅವನ ಊರಿನ ಸಮೀಪವೇ ಹೊರನಾಡು. ಅನ್ನಪೂರ್ಣೇಶ್ವರಿಯ ಆ ಕ್ಷೇತ್ರದಲ್ಲಿ ಬಂದವರು ಯಾರು, ಯಾವ ಊರು ಎಂದು ಕೇಳದೆ ಅನ್ನವಿಕ್ಕುತ್ತಾರೆ. ಮಲೆನಾಡಿನ ಮನೆಯಲ್ಲಿ ಬಂದವನಿಗೆ ಮೊದಲು ಬೆಲ್ಲ ನೀರು, ಆಮೇಲೆ ಹಂಡೆಯ ಬಿಸಿನೀರು, ಆಮೇಲೆ ಊಟ, ಆಮೇಲೆ ಮಾತು. ಅಂಥ ಕಡೆ ಅತಿಥಿಯನ್ನು ಕೊಲ್ಲುವರೆ? ಕಥೆ ಬೇರೆ ಎಲ್ಲಿಯದೋ, ತಂದು ಇಲ್ಲಿ ಅಂಟಿಸಿದ್ದಾರೆ ಎಂಬುದು ಅವನ ವಾದ.

ಕಥೆ ಎಲ್ಲಿಯದೋ ಎಂಬುದು ನಿಜವೇ. ಇಂಗ್ಲೆಂಡಿನಲ್ಲಿ 1618ರಷ್ಟು ಹಿಂದೆಯೇ, ಕಾರ್ನ್‌ವಾಲ್ ಸೀಮೆಯಲ್ಲಿ ನಡೆದ ವಾರ್ತೆಯೆಂದು ಇದು ಕಿರುಹೊತ್ತಗೆಯಾಗಿ ಅಚ್ಚಾಗಿತ್ತು. 1736ರಲ್ಲಿ ಜಾರ್ಜ್ ಲಿಲ್ಲೋ ಇದನ್ನು ನಾಟಕ ಮಾಡಿದ. ಮೊದಲ ಮಹಾಯುದ್ಧದ ಕವಿಯೆಂದು ನಮ್ಮ ಇಂಗ್ಲಿಷ್ ತರಗತಿಗಳಿಗೆ ಪರಿಚಿತನಾದ ರೂಪರ್ಟ್ ಬ್ರೂಕ್ ‘ಲಿಥುವೇನಿಯಾ’ ಎಂಬ ಏಕಾಂಕದಲ್ಲಿ ಇದನ್ನೇ ಬರೆದ. ಅದು ಅವನು ತೀರಿಕೊಂಡ 1915ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಬಡ ಗುಡಿಸಲು, ಧೈರ್ಯ ಸಾಲದೆ ಹೆಂಡದಂಗಡಿಗೆ ಓಡುವ ತಂದೆ, ಕೊಡಲಿ ಹಿಡಿಯುವ ಮಗಳು. ನಮ್ಮ ಚಿತ್ರದ ಎಲುಬುಗೂಡು ಬಹುಮಟ್ಟಿಗೆ ಅದರದೇ. 1944ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಯೋಗವಾದ ಆಲ್ಬೇರ್ ಕಮೂನ ನಾಟಕದಲ್ಲಿ ತಾಯಿ ಮಗಳು ಒಂದು ವಸತಿಗೃಹ ನಡೆಸುತ್ತಾರೆ. ಬಂದ ಧನಿಕರಿಗೆ ಮದ್ದು ಕುಡಿಸಿ ನದಿಗೆ ನೂಕುವುದು ಅವರಿಗೆ ರೂಢಿಯೇ ಆಗಿಬಿಟ್ಟಿದೆ. ಹೀಗೆ ಈ ಕಥೆ ನಾನೂರು ವರ್ಷ ಅಲೆದಿದೆ. ಆದರೆ ಕಮೂನ ವಸತಿಗೃಹಕ್ಕಿಂತ ನಮ್ಮ ಘಟ್ಟದ ಒಂಟಿ ಮನೆ ಇದಕ್ಕೆ ಹೆಚ್ಚು ಒಪ್ಪುವ ನೆಲವೆಂದು ನನಗೆ ತೋರುತ್ತದೆ. ಹಣ ತೆತ್ತು ಇಳಿದುಕೊಳ್ಳುವ ಕಡೆ ಕೊಲೆಯಾದರೆ ಅದು ಅಪರಾಧ. ಬೆಲ್ಲ ನೀರು ಕೊಟ್ಟ ಕೈಯಿಂದ ಕೊಲೆಯಾದರೆ ಅದಕ್ಕೆ ಬೇರೆ ಹೆಸರು ಬೇಕು. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಕೂಗಿದರೂ ಮಳೆ ಕೇಳಗೊಡುವುದಿಲ್ಲ. ಹೊರನಾಡಿನ ಅನ್ನಪೂರ್ಣೆ ಇರುವುದರಿಂದಲೇ ಈ ಕಥೆ ಇಲ್ಲಿ ಭೀಕರವಾಗುತ್ತದೆ ಎಂದು ಆ ಹುಡುಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

ಅವನಿಗೆ ಬೇರೊಂದು ಉತ್ತರ ಕೊಟ್ಟವರು ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರೊಬ್ಬರು. ಮಗಳನ್ನು ಕರೆದೊಯ್ಯಲು ಬಂದಿದ್ದರು. ಒದ್ದೆ ಕೊಡೆಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡೇ ಮಾತನಾಡಿದರು. “ಮೇಷ್ಟ್ರೇ, ಆ ಕಾಲದಲ್ಲಿ ಒಟ್ಟಿಗೆ ದುಡ್ಡು ನೋಡೋದು ಅಂದ್ರೆ ಏನು ಅಂತ ಈ ಮಕ್ಕಳಿಗೆ ಗೊತ್ತಿಲ್ಲ” ಎಂದರು. ಅವರು ಹೇಳಿದುದು ಕಾಫಿಯ ‘ಪೂಲ್’ ವ್ಯವಸ್ಥೆಯ ಮಾತು. 1942ರ ಕಾಯಿದೆಯಿಂದ ಬೇರೂರಿದ ಆ ಪದ್ಧತಿಯಲ್ಲಿ ಬೆಳೆದವನು ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಬೇಕಾಗಿದ್ದಿತು. ಬೆಲೆ ಕಂತುಕಂತಾಗಿ, ತಡವಾಗಿ ಬರುತ್ತಿದ್ದಿತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಅದು ಪೂರ್ಣವಾಗಿ ಮುಗಿಯಿತು. ತೋಟವಿದ್ದವನ ಗತಿಯೇ ಕಂತಿನದಾದರೆ ತೋಟವಿಲ್ಲದವನ ಮನೆಯೊಳಕ್ಕೆ ಹಣದ ಚೀಲವೊಂದು ತಾನಾಗಿ ನಡೆದು ಬಂದಾಗ ಏನಾದೀತು? “ಕೊಲ್ತಿದ್ದೆ ಅನ್ನೋದಿಲ್ಲ. ಆದ್ರೆ ಆ ರಾತ್ರಿ ನಿದ್ದೆ ಬರ್ತಿರಲಿಲ್ಲ” ಎಂದು ಅವರು ನಕ್ಕರು. ಬೇರೆ ಯಾರೂ ನಗಲಿಲ್ಲ.

ವಿದ್ಯಾರ್ಥಿನಿಯರ ಆಕ್ಷೇಪಣೆ ಮತ್ತೊಂದು ಬಗೆಯದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಚಿತ್ರದಲ್ಲಿ ಮಗಳು ಅತಿಥಿಯ ಕಡೆಗೆ ಮನಸೋಲುತ್ತಾಳೆ, ಅವನು ತಿರಸ್ಕರಿಸುತ್ತಾನೆ, ಆ ಅವಮಾನವೇ ಮುಂದೆ ಕೊಲೆಯ ಕಿಡಿಯಾಗುತ್ತದೆ. “ಬಡತನದ ಕಥೆಯನ್ನು ಹೆಣ್ಣಿನ ಆಸೆಯ ಕಥೆ ಮಾಡಿ ತಪ್ಪನ್ನು ಅವಳ ತಲೆಗೆ ಕಟ್ಟಿದರಲ್ಲ ಸರ್” ಎಂದು ಒಬ್ಬಳು ಕೇಳಿದಳು. ಪ್ರಶ್ನೆ ನ್ಯಾಯವಾದುದು. ಆದರೆ ಎರಡನೆಯ ಸಲ ನೋಡಿದಾಗ ನನಗೆ ಹೊಳೆದುದು ಇದು: ಅವನೇತಕ್ಕೆ ಹಿಂದೆ ಸರಿದನೆಂಬುದು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವನ ಬಾಯಿಂದ ಬಂದುದು ಅಣ್ಣನೊಬ್ಬನ ಗಾಬರಿ. ಅವಳ ಕಿವಿಗೆ ಬಿದ್ದುದು ಶ್ರೀಮಂತನೊಬ್ಬನ ಧಿಕ್ಕಾರ. ‘ನಾನು ನಿನ್ನ ಅಣ್ಣ’ ಎಂಬ ಮೂರು ಮಾತು ಅಲ್ಲಿ ಸಾಕಾಗಿದ್ದಿತು. ಹಾಗಿದ್ದೂ ಅವನು ಹೇಳಲಿಲ್ಲ. ಚಿತ್ರದಲ್ಲಿ ಮಾತು ಹೆಚ್ಚು, ಅದರ ರಂಗಭೂಮಿಯ ಮೂಲ ಹಲವು ಕಡೆ ಎದ್ದು ಕಾಣುತ್ತದೆ ಎಂದು ಸಹೋದ್ಯೋಗಿಯೊಬ್ಬರು ದೂರಿದರು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅಷ್ಟೊಂದು ಮಾತಿನ ನಡುವೆ ಆಡದೆ ಉಳಿದ ಆ ಮೂರು ಮಾತೇ ಈ ಕಥೆಯ ಜೀವ.

ಹೆಚ್ಚು ಜನ ಕೊನೆಗೆ ಬಂದು ನಿಂತುದೂ ಅಲ್ಲಿಯೇ. ಅವನೇಕೆ ಹೆಸರು ಹೇಳಲಿಲ್ಲ? ತಮಾಷೆಗೆ? ಬೆಳಗಾಗಲಿ, ಚಕಿತಗೊಳಿಸೋಣ ಎಂದೆ? ಹಲವರು ತಪ್ಪೆಲ್ಲ ಅವನದೇ ಎಂದು ತೀರ್ಪು ಕೊಟ್ಟರು. ಈ ತೀರ್ಪನ್ನು ನೀಡಿದವರಲ್ಲಿ ನಮ್ಮ ಹುಡುಗರೇ ಮೊದಲಿಗರಲ್ಲ. ಕಮೂನ 1942ರ ಕಾದಂಬರಿಯಲ್ಲಿ ಸೆರೆಮನೆಯಲ್ಲಿರುವ ನಾಯಕನಿಗೆ ಹಾಸಿಗೆಯಡಿಯಲ್ಲಿ ಹಳೆಯ ಪತ್ರಿಕೆಯ ಚೂರೊಂದು ದೊರೆಯುತ್ತದೆ. ಅದರಲ್ಲಿ ಇದೇ ವಾರ್ತೆ. ಅವನು ಅದನ್ನು ಸಾವಿರಾರು ಸಲ ಓದುತ್ತಾನೆ. ಹಾಗೆ ಆಟವಾಡಬಾರದಾಗಿತ್ತು, ಅವನಿಗೆ ಆದುದು ಆಗಬೇಕಾದುದೇ ಎಂಬ ಅಭಿಪ್ರಾಯಕ್ಕೆ ಬರುತ್ತಾನೆ. ಸ್ವತಃ ಕೊಲೆಗಾರನಾದವನ ಅಭಿಪ್ರಾಯವಿದು ಎಂಬುದನ್ನು ನಮ್ಮ ಹುಡುಗರಿಗೆ ನೆನಪಿಸಿದೆ.

ಸಭೆಯಲ್ಲಿದ್ದ ತಾಯಂದಿರ ವಾದ ಇದಕ್ಕೆ ವಿರುದ್ಧ: ಹೆಸರು ಏತಕ್ಕೆ ಬೇಕು? ಹೆತ್ತವಳಿಗೆ ನಡೆ ಸಾಲದೆ, ಕೈ ತೊಳೆಯುವ ರೀತಿ ಸಾಲದೆ? ಸಾಹಿತ್ಯ ಓದಿದವರಾದ ನಮಗೆ ಈ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ. ದುಷ್ಯಂತನಿಗೆ ಶಕುಂತಲೆಯ ಮುಖ ಸಾಲದೆ ಉಂಗುರ ಬೇಕಾಯಿತು. ಇಪ್ಪತ್ತು ವರ್ಷದ ಮೇಲೆ ಮನೆಗೆ ಬಂದ ಒಡಿಸ್ಯೂಸನನ್ನು ಮುದಿ ದಾದಿ ಕಾಲು ತೊಳೆಯುವಾಗ ಗಾಯದ ಕಲೆಯಿಂದ ಗುರುತಿಸಿದಳು. ಗುರುತು ತಿಳಿಯದೆ ಕೊಲ್ಲಹೊರಟು, ಕೈಯೆತ್ತಿದ ಕ್ಷಣದಲ್ಲಿ ಗುರುತು ಸಿಕ್ಕಿ ನಿಲ್ಲುವುದೇ ರುದ್ರನಾಟಕದಲ್ಲಿ ಎಲ್ಲಕ್ಕಿಂತ ಮೇಲಾದ ಸನ್ನಿವೇಶವೆಂದು ಅರಿಸ್ಟಾಟಲ್ ಹೇಳಿದ್ದಾನೆ. ಅವನು ಕೊಡುವ ಉದಾಹರಣೆ ಯೂರಿಪಿಡೀಸನ ಮೆರೋಪೆ: ಮಗನೆಂದರಿಯದೆ ಮಗನ ಮೇಲೆ ಕೊಡಲಿಯೆತ್ತಿದ ತಾಯಿ. ಆ ದೃಶ್ಯದಲ್ಲಿ, ತಡೆಯಬಲ್ಲ ಮುದುಕ ವೇಳೆಗೆ ಬಂದಾನೋ ಇಲ್ಲವೋ ಎಂದು ಇಡೀ ಸಭೆ ತಲ್ಲಣಿಸಿ ಎದ್ದುನಿಲ್ಲುತ್ತಿತ್ತೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಮೆರೋಪೆಯ ಮುದುಕ ವೇಳೆಗೆ ಬಂದ. ಬ್ರೂಕನ ನಾಟಕದಲ್ಲಿ ಹೆಂಡದಂಗಡಿಯವನು ತಡವಾಗಿ ಬಂದ. 1929ರಲ್ಲಿ ಬಿ.ಎಂ.ಶ್ರೀಯವರು ‘ಅಶ್ವತ್ಥಾಮನ್’ ಬರೆದು ಗ್ರೀಕ್ ರುದ್ರನಾಟಕದ ಗಾಳಿಯನ್ನು ಕನ್ನಡಕ್ಕೆ ತಂದರು. ಇಷ್ಟು ವರ್ಷ ಅದನ್ನು ಪಾಠ ಹೇಳಿಯೂ, ಆ ಸಭೆ ಎದ್ದುನಿಂತುದರ ಅರ್ಥ ನನಗೆ ಸರಿಯಾಗಿ ತಿಳಿದುದು ಈ ಮಳೆಯ ಸಂಜೆ, ಮುಂದಿನ ಸಾಲಿನ ಹುಡುಗಿಯೊಬ್ಬಳು ಗೋಡೆಯ ಮೇಲಿನ ಚಿತ್ರಕ್ಕೆ “ಬೇಡ, ಬೇಡ” ಎಂದಾಗ.

ತಾಯಂದಿರ ವಾದಕ್ಕೆ ನಾನು ಸಭೆಯಲ್ಲಿ ಉತ್ತರ ಕೊಡಲಿಲ್ಲ. ಕೊಡಬಹುದಾಗಿದ್ದ ಉತ್ತರ ನಮ್ಮ ಮನೆಯದೇ ಆದುದರಿಂದ ಸುಮ್ಮನಿದ್ದೆ. ನನ್ನ ಸೋದರಮಾವಂದಿರಲ್ಲಿ ಹಿರಿಯರು ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಘಟ್ಟವಿಳಿದು ಮುಂಬಯಿಗೆ ಓಡಿಹೋಗಿದ್ದರು. ಹತ್ತೊಂಬತ್ತು ವರ್ಷದ ಮೇಲೆ, ಕಾಫಿ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ, ಕಬ್ಬಿಣದ ಪೆಟ್ಟಿಗೆಯೊಂದಿಗೆ ಅಂಗಳಕ್ಕೆ ಬಂದು ನಿಂತರು. ಅಜ್ಜಿ ಬೆಲ್ಲ ನೀರು ಕೊಟ್ಟು, “ಯಾವೂರಾಯ್ತು? ಕೂತ್ಕೊಳ್ಳಿ, ಗಂಡಸ್ರು ಕಣದಿಂದ ಬರ್ತಾರೆ” ಎಂದರಂತೆ. ಮಾವನೂ ಹೆಸರು ಹೇಳಲಿಲ್ಲ. ಅವ್ವನಿಗೆ ಗುರುತು ಸಿಕ್ಕೀತೇ ನೋಡೋಣವೆಂದು ಅರ್ಧ ಗಂಟೆ ಜಗಲಿಯ ಮೇಲೆ ಸುಮ್ಮನೆ ಕುಳಿತರು. ಆಮೇಲೆ ತಡೆಯಲಾರದೆ “ಅವ್ವಾ” ಎಂದು ಅತ್ತರು.

ಅಂಗಳಕ್ಕೆ ಕಾಲಿಟ್ಟಾಗಲೇ ತನಗೆ ಗೊತ್ತಾಗಿತ್ತು, ಅವನಾಗಿ ಬಾಯಿ ಬಿಡಲೆಂದು ಕಾದಿದ್ದೆ ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ನಾವೆಲ್ಲ ನಂಬಿದ್ದೆವು. ಅಂದು ಹತ್ತು ವರ್ಷದ ಹುಡುಗಿಯಾಗಿದ್ದ ನಮ್ಮ ತಾಯಿಯವರು ಮಾತ್ರ, ಅಜ್ಜಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ, ನನಗೊಬ್ಬನಿಗೆ ಹೇಳಿದರು: ಬೆಲ್ಲ ನೀರು ಕೊಟ್ಟು ಒಳಗೆ ಬಂದ ಅಜ್ಜಿ ಅವರ ಕಿವಿಯಲ್ಲಿ, ಒಳಕೋಣೆಗೆ ಬೀಗ ಹಾಕಿ ಬಾ ಎಂದಿದ್ದರು.

ಮುಂದಿನ ಭಾನುವಾರ ತಾಯಿಯವರಿಗೆ ಇದೇ ಚಿತ್ರವನ್ನು ಮನೆಯಲ್ಲಿ ತೋರಿಸಿದೆ. ಅತಿಥಿ ಒಳಗೆ ಬಂದುದನ್ನು ನೋಡಿದರು, ಮಗಳು ಅವನ ಕಡೆ ನೋಡುವುದನ್ನು ನೋಡಿದರು. ಕತ್ತಲು ಬೀಳುವ ಹೊತ್ತಿಗೆ ಎದ್ದು ಅಡಿಗೆಮನೆಗೆ ಹೊರಟರು. ಮುಗಿಯುವವರೆಗೆ ಕುಳಿತುಕೊಳ್ಳಿ ಎಂದೆ. ಬಾಗಿಲಲ್ಲಿ ತಿರುಗಿ, “ಅವನು ಉಂಡನೇನೋ?” ಎಂದು ಕೇಳಿದರು, ನನ್ನ ಉತ್ತರಕ್ಕೆ ಕಾಯಲಿಲ್ಲ.