ಕಂಪವಾತವೂ ಕರುಳಿನ ಅಣುಜೀವಿಗಳೂ: ಒಂದು ಪರೀಕ್ಷೆಯ ವಿಮರ್ಶೆ

೧೮೧೭ನೆಯ ಇಸವಿಯಲ್ಲಿ ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು 'ನಡುಗುವ ಪಾರ್ಶ್ವವಾಯು'ವನ್ನು ಕುರಿತು ಕಿರುಗ್ರಂಥವೊಂದನ್ನು ಪ್ರಕಟಿಸಿದನು. ಆರು ಮಂದಿ ರೋಗಿಗಳ ವೃತ್ತಾಂತವುಳ್ಳ ಆ ಗ್ರಂಥದಲ್ಲಿ ಕೈಯ ನಡುಕ, ಮುಂಬಾಗಿದ ಮೈ, ಓಟವಾಗಿ ಪರಿಣಮಿಸುವ ನಡಿಗೆ ಇವುಗಳ ಜೊತೆಗೆ ಕರುಳಿನ ಜಡತೆಯೂ ಉಕ್ತವಾಗಿದೆ. ಈ ಕಡೆಯ ಮಾತಿಗೆ ವೈದ್ಯಲೋಕವು ಬಹುಕಾಲ ಹೆಚ್ಚಿನ ಲಕ್ಷ್ಯ ಕೊಡಲಿಲ್ಲ. ರೋಗವು ಮಿದುಳಿನದು, ಮಲಬದ್ಧತೆಯು ಅದರ ಒಂದು ಉಪದ್ರವ, ಎಂಬುದೇ ರೂಢಿಯ ಅಭಿಪ್ರಾಯವಾಗಿತ್ತು. ನಮ್ಮ ವೈದ್ಯಪರಂಪರೆಯ ಕಂಪವಾತದೊಡನೆ ಈ ರೋಗವನ್ನು ಸಮೀಕರಿಸುವುದು ವಾಡಿಕೆಯಾದುದರಿಂದ ಇಲ್ಲಿಯೂ ಅದೇ ಹೆಸರನ್ನು ಬಳಸಿದೆ.

ಇಂದು ಆ ಅಭಿಪ್ರಾಯವು ಬದಲಾಗಿದೆ. ಅದರೊಡನೆ ಒಂದು ಹೊಸ ವ್ಯಾಪಾರವೂ ಹುಟ್ಟಿಕೊಂಡಿದೆ. ಮಲದ ಮಾದರಿಯನ್ನು ಕಳುಹಿಸಿಕೊಟ್ಟರೆ ಕರುಳಿನಲ್ಲಿರುವ ಅಣುಜೀವಿಗಳ ಪಟ್ಟಿಯನ್ನು ಅಂಕಿಗಳೊಡನೆ ಒದಗಿಸುವ ಪ್ರಯೋಗಶಾಲೆಗಳು ನಮ್ಮ ಮಹಾನಗರಗಳಲ್ಲಿವೆ. ಕಂಪವಾತದಿಂದ ನರಳುವ ಹಿರಿಯರಿರುವ ಮನೆಯವರು, ಈ ಪರೀಕ್ಷೆಯನ್ನು ಮಾಡಿಸಬೇಕೆ, ಅದಕ್ಕೆ ತೆರುವ ಹಣಕ್ಕೆ ಫಲವುಂಟೆ, ಎಂದು ಕೇಳುವುದು ಸಹಜ. ಇದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ವೈದ್ಯನಲ್ಲ, ಲೆಕ್ಕಪತ್ರಗಳನ್ನು ಓದಿ ಅಭ್ಯಾಸವುಳ್ಳವನು. ಈ ಪರೀಕ್ಷೆಯ ವರದಿಯೂ ಒಂದು ಬಗೆಯ ಲೆಕ್ಕಪತ್ರವೇ.

ಮೊದಲು ಕರುಳಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ನೋಡೋಣ. ಮಿದುಳಿನ ಒಂದು ಭಾಗದಲ್ಲಿ ಡೋಪಮೀನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ನಶಿಸುವುದರಿಂದ ಚಲನೆ ಕುಂದುತ್ತದೆ. ಅಕ್ಷರಗಳು ಬರಬರುತ್ತ ಕಿರಿದಾಗುವುದು ಇದರ ಲಕ್ಷಣಗಳಲ್ಲೊಂದು. ವೃದ್ಧ ಗ್ರಾಹಕರ ರುಜು ಬ್ಯಾಂಕಿನಲ್ಲಿರುವ ಮಾದರಿ ರುಜುವಿಗೆ ತಾಳೆಯಾಗದಿರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ನಶಿಸುವ ಕೋಶಗಳಲ್ಲಿ ಕಾಣುವ ಗಂಟುಗಳನ್ನು ೧೯೧೨ರಲ್ಲಿ ಲೆವಿ ಎಂಬ ವಿದ್ವಾಂಸನು ವರ್ಣಿಸಿದನು. ಅವುಗಳಲ್ಲಿರುವುದು ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನೆಂದು ೧೯೯೭ರಲ್ಲಿ ತಿಳಿದುಬಂತು. ಅದೇ ಪ್ರೋಟೀನಿನ ಗಂಟುಗಳು ಕರುಳಿನ ನರಗಳಲ್ಲಿಯೂ ಇರುವುದನ್ನು ಆಧಾರವಾಗಿಟ್ಟುಕೊಂಡು, ರೋಗವು ಕರುಳಿನಲ್ಲಿ ಮೊದಲಾಗಿ ವೇಗಸ್ ನರದ ಮೂಲಕ ಮಿದುಳಿಗೆ ಏರಬಹುದೆಂದು ೨೦೦೩ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು ಸೂಚಿಸಿದರು. ಅನೇಕ ರೋಗಿಗಳಲ್ಲಿ ಮಲಬದ್ಧತೆಯು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ತಲೆದೋರುವುದು ಈ ಊಹೆಗೆ ಪೋಷಕವಾಗಿದೆ. ೨೦೧೬ರಲ್ಲಿ ಅಮೆರಿಕದ ಸಂಶೋಧಕರು, ಈ ರೋಗಕ್ಕೆ ಈಡಾಗುವಂತೆ ಬೆಳೆಸಿದ ಇಲಿಗಳಿಗೆ ರೋಗಿಗಳ ಕರುಳಿನ ಅಣುಜೀವಿಗಳನ್ನು ಸೇರಿಸಿದಾಗ, ಆರೋಗ್ಯವಂತರ ಅಣುಜೀವಿಗಳನ್ನು ಪಡೆದ ಇಲಿಗಳಿಗಿಂತ ಅವುಗಳ ಚಲನೆ ಹೆಚ್ಚು ಕೆಟ್ಟುದನ್ನು ಕಂಡರು.

ಆದರೆ ಸಮುದಾಯದ ವಿಷಯದಲ್ಲಿ ಸತ್ಯವಾದುದು ವ್ಯಕ್ತಿಯ ವಿಷಯದಲ್ಲಿ ಪ್ರಯೋಜನಕರವೆಂದು ಹೇಳಲಾಗದು. ೨೦೧೫ರಲ್ಲಿ ಹೆಲ್ಸಿಂಕಿ ನಗರದ ಸಂಶೋಧಕರು ೭೨ ರೋಗಿಗಳನ್ನೂ ೭೨ ಆರೋಗ್ಯವಂತರನ್ನೂ ಹೋಲಿಸಿ, ಪ್ರಿವೊಟೆಲ್ಲ ವರ್ಗದ ಅಣುಜೀವಿಗಳು ರೋಗಿಗಳಲ್ಲಿ ಸರಾಸರಿ ಶೇಕಡ ೭೭.೬ರಷ್ಟು ಕಡಮೆಯೆಂದು ಕಂಡುಕೊಂಡರು. ಅಂತರವು ದೊಡ್ಡದೇ. ಆದರೂ ಈ ಒಂದು ವರ್ಗದ ಕೊರತೆಯನ್ನೇ ರೋಗದ ಗುರುತಾಗಿ ಹಿಡಿದಾಗ ೭೨ ರೋಗಿಗಳಲ್ಲಿ ೬೨ ಮಂದಿ ಪತ್ತೆಯಾದರು. ಅವರೊಡನೆ ೭೨ ಆರೋಗ್ಯವಂತರಲ್ಲಿ ೪೪ ಮಂದಿಯೂ ರೋಗಿಗಳ ಸಾಲಿಗೆ ಸೇರಿದರು! ಇಂತಹ ಅಳತೆಗೋಲನ್ನು ನೆಚ್ಚಿ ಯಾರಿಗೂ ರೋಗನಿರ್ಣಯ ಮಾಡಲಾಗದೆಂಬುದು ಸ್ಪಷ್ಟ.

ಎರಡನೆಯ ತೊಡಕು ಲೆಕ್ಕದ್ದು. ವರದಿಯಲ್ಲಿ ಸಾಮಾನ್ಯವಾಗಿ ಕಾಣುವುದು ಅಣುಜೀವಿಗಳ ಮೊತ್ತವಲ್ಲ, ಶೇಕಡಾವಾರು ಪಾಲು. ಒಂದು ಶಾಖೆಯ ಒಟ್ಟು ಠೇವಣಿ ಅರ್ಧಕ್ಕಿಳಿದು, ಒಬ್ಬ ಗ್ರಾಹಕನ ಠೇವಣಿ ಇದ್ದಷ್ಟೇ ಉಳಿದರೆ ಅವನ ಪಾಲು ಇಮ್ಮಡಿಯಾಗುತ್ತದೆ. ಅದರಿಂದ ಅವನು ಶ್ರೀಮಂತನಾದನೆಂದು ಹೇಳಬಹುದೆ? ಮೂರನೆಯದು, ಕಾರ್ಯಕಾರಣಗಳ ಗೊಂದಲ. ಮಲಬದ್ಧತೆಯೂ, ರೋಗಕ್ಕಾಗಿ ಸೇವಿಸುವ ಕೆಲವು ಔಷಧಗಳೂ ತಾವೇ ಅಣುಜೀವಿಗಳ ಪ್ರಮಾಣವನ್ನು ಬದಲಿಸುತ್ತವೆ. ನಾಲ್ಕನೆಯದು, ಹೋಲಿಕೆಯ ಆಧಾರ. ೨೦೧೯ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಭೋಪಾಲದ ಸಸ್ಯಾಹಾರ ಪ್ರಧಾನರಾದ ಜನರ ಕರುಳಿನಲ್ಲಿ ಪ್ರಿವೊಟೆಲ್ಲವು ಪ್ರಬಲವಾಗಿತ್ತು. ಕೇರಳದವರಲ್ಲಿ ಚಿತ್ರವೇ ಬೇರೆಯಾಗಿತ್ತು. ಒಂದೇ ದೇಶದೊಳಗೆ ಇಷ್ಟು ಭೇದವಿರುವಾಗ, ಯೂರೋಪಿನ ಸರಾಸರಿಯೊಡನೆ ರಾಗಿ ಜೋಳಗಳನ್ನುಂಡು ಬೆಳೆದವರ ಮಾದರಿಯನ್ನು ಹೋಲಿಸಿ ಕೊರತೆ ಹೆಚ್ಚಳಗಳನ್ನು ಹೇಳುವುದು ಯುಕ್ತವೆನಿಸದು.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ೨೦೨೧ರ ವಿಶ್ಲೇಷಣೆಯ ಪ್ರಕಾರ ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ ಎಂಬ, 'ಹಿತಕಾರಿ'ಗಳೆಂದು ಗುಳಿಗೆಗಳಲ್ಲಿ ಮಾರಾಟವಾಗುವ ಅಣುಜೀವಿಗಳು ರೋಗಿಗಳಲ್ಲಿ ಕಡಮೆಯಲ್ಲ, ಹೆಚ್ಚು. ಆದುದರಿಂದ ವರದಿಯೊಡನೆ ಬರುವ ಗುಳಿಗೆಗಳ ಶಿಫಾರಸನ್ನು ವೈದ್ಯರ ಸಲಹೆಯಿಲ್ಲದೆ ಅಂಗೀಕರಿಸಲಾಗದು.

ಹಾಗಾದರೆ ಈ ಸಂಶೋಧನೆಯೆಲ್ಲ ವ್ಯರ್ಥವೆ? ಹಾಗಲ್ಲ. ರೋಗದ ಮುಖ್ಯ ಔಷಧವಾದ ಲೆವೊಡೋಪಾವು ನಮ್ಮ ನಾಡಿಗೆ ಅಪರಿಚಿತವಲ್ಲ. ನಸುಗುನ್ನಿ ಬೀಜದಲ್ಲಿ ಅದಿರುವುದನ್ನು ೧೯೩೭ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿದರು. ಈ ಔಷಧವು ಸಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಬೇಕು. ಆದರೆ ಎಂಟೆರೊಕಾಕಸ್ ಫೀಕಾಲಿಸ್ ಎಂಬ ಅಣುಜೀವಿಯು ಅದನ್ನು ಕರುಳಿನಲ್ಲಿಯೇ ಡೋಪಮೀನಾಗಿ ಮಾರ್ಪಡಿಸಬಲ್ಲದೆಂದೂ, ಔಷಧದ ರಕ್ಷಣೆಗಾಗಿ ಬೆರೆಸುವ ಕಾರ್ಬಿಡೋಪಾವು ಅಣುಜೀವಿಯ ಈ ಕಾರ್ಯವನ್ನು ತಡೆಯಲಾರದೆಂದೂ ೨೦೧೯ರಲ್ಲಿ ತಿಳಿದುಬಂತು. ಒಬ್ಬರಿಗೆ ಸಾಕಾಗುವ ಪ್ರಮಾಣ ಮತ್ತೊಬ್ಬರಿಗೆ ಸಾಲದಿರುವುದಕ್ಕೆ ಇದು ಒಂದು ಕಾರಣವಾಗಿರಬಹುದು. ಮುಂದೆ ಪರೀಕ್ಷೆಯಿಂದ ನಿಜವಾದ ಉಪಕಾರವಾಗುವುದಾದರೆ ಬಹುಶಃ ಈ ಮಾರ್ಗದಲ್ಲಿಯೇ.

ಚಿಕಿತ್ಸೆಯ ಕಡೆಯೂ ಫಲಗಳು ಮಿಶ್ರವಾಗಿವೆ. ಆರೋಗ್ಯವಂತರ ಮಲದಿಂದ ಪಡೆದ ಅಣುಜೀವಿಗಳನ್ನು ರೋಗಿಗಳಿಗೆ ಕೊಟ್ಟ ಎರಡು ಪ್ರಯೋಗಗಳು ೨೦೨೪ರಲ್ಲಿ ಪ್ರಕಟವಾದವು. ಬೆಲ್ಜಿಯಂನಲ್ಲಿ ೪೬ ರೋಗಿಗಳ ಪೈಕಿ ಚಿಕಿತ್ಸೆ ಪಡೆದವರ ಚಲನೆಯಲ್ಲಿ ವರ್ಷದ ಬಳಿಕ ಅಲ್ಪ ಸುಧಾರಣೆ ಕಂಡಿತು. ಫಿನ್ಲೆಂಡಿನಲ್ಲಿ ೪೫ ರೋಗಿಗಳಲ್ಲಿ ಅಂತಹ ಪ್ರಯೋಜನ ಕಾಣಲಿಲ್ಲ. ಮಲೇಷಿಯದ ೨೦೨೧ರ ಪ್ರಯೋಗದಲ್ಲಿ ಮಾತ್ರ ಅಣುಜೀವಿಗಳ ಮಿಶ್ರಣವನ್ನು ನಾಲ್ಕು ವಾರ ಸೇವಿಸಿದವರ ಮಲಬದ್ಧತೆ ತಗ್ಗಿತು.

ಇವೆಲ್ಲವನ್ನೂ ತೂಗಿ ನೋಡಿದರೆ, ಇಂದಿನ ಸ್ಥಿತಿಯಲ್ಲಿ ಈ ಪರೀಕ್ಷೆಯು ರೋಗವನ್ನು ನಿರ್ಣಯಿಸಲಾರದು, ಅದರ ಗತಿಯನ್ನು ಹೇಳಲಾರದು, ಔಷಧದ ಪ್ರಮಾಣವನ್ನು ಗೊತ್ತುಮಾಡಲಾರದು. ಸಂಶೋಧನಾಲಯವೊಂದು ಅಧ್ಯಯನಕ್ಕಾಗಿ ಮಾದರಿಯನ್ನು ಕೇಳಿದರೆ ಕೊಡುವುದು ಲೋಕೋಪಕಾರ. ಭಾರತೀಯರ ಅಂಕಿಗಳು ಬೆಳೆಯಬೇಕಾದುದು ಅವಶ್ಯ. ಹಣ ತೆತ್ತು ಮಾಡಿಸುವವರಾದರೋ, ಫಲಿತಾಂಶ ಹೇಗೇ ಬಂದರೂ ಚಿಕಿತ್ಸೆಯಲ್ಲಿ ಏನು ಬದಲಾಗುವುದೆಂದು ಮೊದಲೇ ನರರೋಗ ವೈದ್ಯರನ್ನು ಕೇಳಬೇಕು. ಏನೂ ಬದಲಾಗದೆಂಬ ಉತ್ತರ ಬಂದರೆ ಆ ಹಣವು ಅಂಗಸಾಧನೆಯ ಶಿಕ್ಷಣಕ್ಕೋ, ರಾತ್ರಿಯ ಹೊತ್ತು ನೋಡಿಕೊಳ್ಳುವವರ ಸಂಬಳಕ್ಕೋ ಸಲ್ಲುವುದು ಮೇಲು. ವರದಿಯನ್ನು ನಂಬಿ ಲೆವೊಡೋಪಾವನ್ನು ತಾವಾಗಿಯೇ ನಿಲ್ಲಿಸುವುದಂತೂ ಅಪಾಯಕರ. ಮಲಬದ್ಧತೆಯನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸುವುದು, ಬೇಳೆ ಹಾಲು ಮೊದಲಾದ ಪ್ರೋಟೀನ್ ಆಹಾರಕ್ಕೂ ಔಷಧಕ್ಕೂ ನಡುವೆ ಎಷ್ಟು ಅಂತರವಿರಬೇಕೆಂದು ಕೇಳಿಕೊಳ್ಳುವುದು, ಇವು ಯಾವ ಪರೀಕ್ಷೆಯ ಖರ್ಚೂ ಇಲ್ಲದೆ ಇಂದೇ ಮಾಡಬಹುದಾದ ಕೆಲಸಗಳು. ಪಾರ್ಕಿನ್ಸನ್ನನು ಎರಡು ಶತಮಾನಗಳ ಹಿಂದೆ ಬರೆದಿಟ್ಟ ಕರುಳಿನ ಮಾತನ್ನು ರೋಗಿಯ ಬಾಯಿಂದ ಕೇಳಿ ತಿಳಿದುಕೊಳ್ಳುವ ಮಾರ್ಗವೇ ಸದ್ಯಕ್ಕೆ ಹೆಚ್ಚು ವಿಶ್ವಾಸಾರ್ಹವಾದುದು.