ಚುಕ್ಕಾಣಿಗಿಂತ ಮೊದಲು ಹಗ್ಗ

ಹಾಯಿದೋಣಿ ಕಲಿಯಲು ಹೋಗುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ ಮೊದಲ ಮಾತು, "ನೀನೇ ಓಡ್ಸುದಾ?" ಗೆಳತಿಯರೂ ಅದನ್ನೇ ಕೇಳುತ್ತಾರೆ. ಚುಕ್ಕಾಣಿ ಹಿಡಿದವರೇ ದೋಣಿ ನಡೆಸುವವರು, ಉಳಿದವರು ಪ್ರಯಾಣಿಕರು ಎಂಬ ಭಾವನೆ ಎಲ್ಲರಲ್ಲೂ ಇದೆ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಎದುರಿನ ನೀರಿನಲ್ಲಿ ರಜಾದಿನಗಳಲ್ಲಿ ಕ್ರೂ (ಹಗ್ಗ, ಹಾಯಿ ನಿಭಾಯಿಸುವ ತಂಡ) ಕೆಲಸ ಕಲಿಯುತ್ತಿರುವ ನನಗೆ ಇದನ್ನು ಒಪ್ಪಲಾಗದು. ಚುಕ್ಕಾಣಿ ದಿಕ್ಕು ಕೊಡುತ್ತದೆ, ನಿಜ. ಆದರೆ ದೋಣಿಯನ್ನು ಓಡಿಸುವುದು ಹಾಯಿ. ಹಾಯಿಯನ್ನು ಹದದಲ್ಲಿಡುವುದು ಹಗ್ಗ. ಆ ಹಗ್ಗವಿರುವುದು ಕ್ರೂ ಕೈಯಲ್ಲಿ.

ನಾನು ಗಂಗೊಳ್ಳಿ ಕಡೆಯವಳು. ಪಂಚಗಂಗಾವಳಿಯ ಅಳಿವೆಯಲ್ಲಿ ಎಂಜಿನ್ ಬೋಟುಗಳ ಸದ್ದು ಕೇಳುತ್ತ ಬೆಳೆದೆ. ಹಾಯಿ ಬಿಚ್ಚಿಕೊಂಡು ಬರುತ್ತಿದ್ದ ಪಡಾವು, ಮಂಜಿ ಎಂಬ ಹಡಗುಗಳ ಬಗ್ಗೆ ಹಿರಿಯರ ಬಾಯಲ್ಲಿ ಕೇಳಿದ್ದೇನೆಯೇ ಹೊರತು ಕಣ್ಣಾರೆ ಕಂಡಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಹಂಚು ದೂರದ ಊರುಗಳ ಮಾಡು ಸೇರಿದ್ದು ಇಂಥ ಹಾಯಿಹಡಗುಗಳಲ್ಲಿ. ಹಡಗಿನ ಮುಖ್ಯಸ್ಥನಾದ ತಂಡೇಲನ ಕೂಗಿಗೆ ಓಗೊಟ್ಟು ಹಗ್ಗ ಎಳೆದ ಖಲಾಶಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ನಾನು ಕಲಿಯುತ್ತಿರುವುದು ಅವರ ಕೆಲಸವನ್ನೇ. ಅದು ಬರೀ ತೋಳ್ಬಲದ ಕೆಲಸವಲ್ಲ, ಬಹಳ ಸೂಕ್ಷ್ಮವಾದ ವಿದ್ಯೆ ಎಂಬುದು ಹಗ್ಗ ಕೈಗೆ ಬಂದ ಮೇಲೆ ನನಗೆ ಅರ್ಥವಾಗುತ್ತಿದೆ.

ನಮ್ಮದು ಜೆ-24. 1970ರ ದಶಕದಲ್ಲಿ ಅಮೆರಿಕದ ರಾಡ್ ಜಾನ್‌ಸ್ಟೋನ್ ರೂಪಿಸಿದ, 24 ಅಡಿ ಉದ್ದದ ದೋಣಿ. ನಡುವೆ ಒಂದು ಕೂವೆಮರ, ಅದರ ಹಿಂದೆ ಮೇನ್ ಎಂಬ ದೊಡ್ಡ ಹಾಯಿ, ಮುಂದೆ ಜಿಬ್. ಮೇನ್‌ನ ಕೆಳ ಅಂಚನ್ನು ಹಿಡಿದಿರುವ ಅಡ್ಡಗಳುವೇ ಬೂಮ್. ಹಾಯಿಯನ್ನು ಮೇಲೇರಿಸುವ ಹಗ್ಗಕ್ಕೆ ಹ್ಯಾಲ್ಯಾರ್ಡ್ ಎನ್ನುತ್ತಾರೆ, ಏರಿದ ಹಾಯಿಯನ್ನು ಬಿಗಿ ಸಡಿಲ ಮಾಡುವ ಹಗ್ಗಕ್ಕೆ ಶೀಟ್. ನೀರಿನಡಿಯಲ್ಲಿ ಸುಮಾರು 430 ಕಿಲೋ ಭಾರದ ಕೀಲ್ ಇದೆ. ಗಾಳಿ ಹಾಯಿಯನ್ನು ತಳ್ಳಿ ದೋಣಿಯನ್ನು ವಾಲಿಸಿದಾಗ ಮತ್ತೆ ನೇರಕ್ಕೆ ತರುವುದು ಆ ಭಾರ. ಜೊತೆಗೆ ನಾವೂ ಇದ್ದೇವೆ. ಗಾಳಿ ಬರುವ ಮಗ್ಗುಲಿನ ಅಂಚಿನಲ್ಲಿ ನಾಲ್ವರು ಸಾಲಾಗಿ ಕೂತರೆ ಹತ್ತಿರ ಹತ್ತಿರ 280 ಕಿಲೋ ಆಯಿತು. ಹೊಸಬರಿಗೆ ಸಿಗುವ ಮೊದಲ ಕೆಲಸ ಹೀಗೆ ಕೂರುವುದೇ. ದೋಣಿ ಇನ್ನಷ್ಟು ವಾಲಿದಾಗ ಭಯದಿಂದ ಒಳಕ್ಕೆ ಸರಿಯಬೇಕೆನಿಸುತ್ತದೆ. ಆಗಲೇ ಹೊರಕ್ಕೆ ಸರಿಯಬೇಕು.

ವಿಂಚ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೋಣಿಯ ಎರಡೂ ಪಕ್ಕದಲ್ಲಿ ಗಟ್ಟಿಯಾಗಿ ಕೂರಿಸಿದ ಲೋಹದ ಉರುಳೆ ಅದು. ಗಾಳಿ ತುಂಬಿದ ಜಿಬ್‌ನ ಶೀಟನ್ನು ಬರಿಗೈಯಲ್ಲಿ ಹಿಡಿದು ನಿಲ್ಲುವುದು ಯಾವ ಪೈಲ್ವಾನನಿಗೂ ಕಷ್ಟ. ಅದೇ ಹಗ್ಗವನ್ನು ಉರುಳೆಗೆ ಮೂರು ಸುತ್ತು ಹಾಕಿದರೆ ಎಳೆತದ ಬಹುಪಾಲನ್ನು ಘರ್ಷಣೆಯೇ ಹೊತ್ತುಕೊಳ್ಳುತ್ತದೆ, ತುದಿಯನ್ನು ನಾನು ಆರಾಮವಾಗಿ ಹಿಡಿದಿರಬಹುದು. ಸುತ್ತುವುದು ಯಾವಾಗಲೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಶುರುವಿಗೆ ಒಂದೋ ಎರಡೋ ಸುತ್ತು ಸಾಕು. ಸಡಿಲ ಹಗ್ಗವನ್ನು ಬೇಗಬೇಗ ಎಳೆದುಕೊಂಡು, ಭಾರ ಬಿದ್ದಾಗ ಇನ್ನೊಂದು ಸುತ್ತು ಸೇರಿಸಿ, ಕೊನೆಯ ಬಿಗಿತಕ್ಕೆ ಹಿಡಿಕೆ ತಿರುಗಿಸಬೇಕು. ಮೊದಲೇ ಹೆಚ್ಚು ಸುತ್ತಿದರೆ ಸುತ್ತಿನ ಮೇಲೆ ಸುತ್ತು ಕೂತು ಹಗ್ಗ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಶೀಟ್ ಎಂದರೆ ಬಿಡಲಾಗದ ಹಾಯಿ. ಎದುರಿಗೆ ಫೆರಿ ಬರುತ್ತಿರುವಾಗ ಹಾಗಾಗಬಾರದು.

ಹಗ್ಗವನ್ನು ಸಡಿಲಿಸುವುದಕ್ಕೂ ಕ್ರಮವಿದೆ. ಅಂಗೈಯನ್ನು ಸುತ್ತುಗಳ ಮೇಲೆ ಚಪ್ಪಟೆಯಾಗಿ ಒತ್ತಿಟ್ಟು ಸ್ವಲ್ಪಸ್ವಲ್ಪವೇ ಜಾರಲು ಬಿಡಬೇಕು. ಪೂರ್ತಿ ಬಿಡುವಾಗ ಹಗ್ಗವನ್ನು ಮೇಲಕ್ಕೆತ್ತಿ ಉರುಳೆಯಿಂದ ಕಳಚಬೇಕು. ಬೆರಳುಗಳು ಹಗ್ಗ ಮತ್ತು ಉರುಳೆಯ ನಡುವೆ ಹೋಗಲೇಕೂಡದು. ನಮಗೆ ಕಲಿಸುವವರು ರತ್ನಾಗಿರಿ ಕಡೆಯವರು, ನೌಕಾಪಡೆಯಿಂದ ನಿವೃತ್ತರಾದವರು. ಮರಾಠಿ ಬೆರೆತ ಹಿಂದಿಯಲ್ಲಿ ಅವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ: "ಮ್ಯಾಡಮ್, ಹಗ್ಗ ಸುಮ್ಮನಿದೆ ಅಂದುಕೊಳ್ಳಬೇಡಿ, ಅದರ ಆ ತುದಿಯಲ್ಲಿ ಗಾಳಿ ಇದೆ."

ಈ ವಿದ್ಯೆಗೆಲ್ಲ ಪರೀಕ್ಷೆಯಾಗುವುದು ಟ್ಯಾಕ್ ಮಾಡುವಾಗ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಆ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯೊಳಗೆ ಹಾಯಿ ಕೆಲಸ ಮಾಡದೆ ಪಟಪಟ ಬಡಿದುಕೊಳ್ಳುತ್ತದೆ. ಹಾಗಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಿ ಗಾಳಿಯ ದಿಕ್ಕಿನತ್ತ ಮುಂದುವರಿಯಬೇಕು. ಹಾಗೆ ಮಗ್ಗುಲು ಬದಲಿಸುವುದೇ ಟ್ಯಾಕ್. ಚುಕ್ಕಾಣಿಯಲ್ಲಿರುವವರು "ರೆಡಿ ಟು ಟ್ಯಾಕ್?" ಎಂದು ಕೇಳುತ್ತಾರೆ. ಶೀಟ್ ಹಿಡಿದ ಪ್ರತಿಯೊಬ್ಬರೂ "ರೆಡಿ" ಎಂದು ಕೂಗಿ ಹೇಳಬೇಕು. ತಲೆಯಾಡಿಸಿದರೆ ಸಾಲದು, ಅವರ ಕಣ್ಣು ನೀರಿನ ಮೇಲಿರುತ್ತದೆ. ಕಾಲಿಗೆ ಹಗ್ಗ ಸುತ್ತಿಕೊಂಡಿದ್ದರೆ "ನಾಟ್ ರೆಡಿ" ಎನ್ನಬೇಕು. ಆಗ ದೋಣಿ ತಿರುಗುವುದಿಲ್ಲ. ನಿನ್ನೆ ಮೊನ್ನೆ ಸೇರಿದವರ ಈ ಒಂದು ಮಾತಿಗೆ ಅನುಭವಿ ಕ್ಯಾಪ್ಟನ್ ಕೂಡ ಕಾಯುತ್ತಾರೆ. ಕ್ರೂ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ನಿಯಮ.

ದೋಣಿಯ ಮೂತಿ ಗಾಳಿಯನ್ನು ದಾಟುತ್ತಿದ್ದಂತೆ ಜಿಬ್ ಬಲ ಕಳೆದುಕೊಳ್ಳುತ್ತದೆ. ಹಳೆಯ ಮಗ್ಗುಲಿನ ಶೀಟನ್ನು ಬಿಡಬೇಕಾದ ಗಳಿಗೆ ಅದು. ಅವಸರಪಟ್ಟು ಬಿಟ್ಟರೆ ದೋಣಿ ವೇಗ ಕಳೆದುಕೊಂಡು ನಡುದಾರಿಯಲ್ಲೇ ನಿಂತುಬಿಡಬಹುದು; ತಡಮಾಡಿ ಬಿಟ್ಟರೆ ಜಿಬ್ ಹಿಂದುಮುಂದಾಗಿ ಗಾಳಿ ಹಿಡಿದು ದೋಣಿಯನ್ನು ಹೊಸ ದಿಕ್ಕಿಗೆ ಬೇಕಾದ್ದಕ್ಕಿಂತ ಹೆಚ್ಚು ದೂಡುತ್ತದೆ. ಇನ್ನೊಂದು ಮಗ್ಗುಲಿನವರು ಹಾಯಿಗೆ ಗಾಳಿ ತುಂಬುವ ಮೊದಲೇ ಹಗ್ಗ ಎಳೆದು ಮುಗಿಸಬೇಕು. ತುಂಬಿದ ಮೇಲೆ ಎಳೆಯುವುದು ಬಲದ ಕೆಲಸ, ತುಂಬುವ ಮೊದಲು ಎಳೆಯುವುದು ಸಮಯದ ಕೆಲಸ. ನನ್ನಂಥ ಸಣ್ಣ ಮೈಕಟ್ಟಿನವರು ದೋಣಿಯಲ್ಲಿ ಉಪಯೋಗಕ್ಕೆ ಬರುವುದು ಈ ಕಾರಣದಿಂದಲೇ. ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಮಗ್ಗುಲು ಬದಲಿಸುವುದು ಜೈಬ್. ಅದರಲ್ಲಿ ಬೂಮ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ರಭಸದಿಂದ ಬೀಸುತ್ತದೆ. ಮೇನ್ ಶೀಟನ್ನು ಮೊದಲು ನಡುವಿಗೆ ಎಳೆದುಕೊಂಡು, ದಾಟಿಸಿ, ಆಮೇಲೆ ಬಿಡಬೇಕು, ತಲೆ ತಗ್ಗಿಸಬೇಕು. ಇಲ್ಲಿ ತಾತ್ಸಾರ ಮಾಡಿದರೆ ತಲೆಬುರುಡೆಗೇ ಪೆಟ್ಟು.

ಜಿಬ್ ಹಾಯಿಯ ಎರಡೂ ಮುಖಕ್ಕೆ ಉಣ್ಣೆಯ ಎಳೆಗಳನ್ನು ಅಂಟಿಸಿರುತ್ತಾರೆ. ಗಾಳಿ ಬರುವ ಕಡೆಯ ಎಳೆ ಕುಣಿದರೆ ಶೀಟ್ ಎಳೆಯಬೇಕು, ಆಚೆ ಕಡೆಯದು ಕುಣಿದರೆ ಬಿಡಬೇಕು. ಎರಡೂ ಹಿಂದಕ್ಕೆ ನೆಟ್ಟಗೆ ಹರಿದರೆ ಹಾಯಿ ಹದದಲ್ಲಿದೆ ಎಂದು ಲೆಕ್ಕ.

ಕೈಯಷ್ಟೇ ಕಣ್ಣಿಗೂ ಕೆಲಸವಿದೆ. ಮುಂಬೈ ಬಂದರು ಬಹಳ ದಟ್ಟಣೆಯ ನೀರು. ಮಾಂಡವಾ, ಎಲಿಫೆಂಟಾಗೆ ಫೆರಿಗಳು, ನ್ಹಾವಾ ಶೇವಾಗೆ ಕಂಟೇನರ್ ಹಡಗುಗಳು, ನೌಕಾಪಡೆಯ ಹಡಗುಗಳು, ಕೋಳಿ ಸಮುದಾಯದವರ ಮೀನುದೋಣಿಗಳು ಓಡಾಡುತ್ತಲೇ ಇರುತ್ತವೆ. ಚುಕ್ಕಾಣಿಯಲ್ಲಿರುವವರಿಗೆ ಜಿಬ್ ಹಾಯಿಯೇ ಒಂದು ಮಗ್ಗುಲನ್ನು ಮರೆಮಾಡುತ್ತದೆ. ಕ್ರೂ ಬಗ್ಗಿ ಹಾಯಿಯ ಅಡಿಯಿಂದ ನೋಡಿ ಹೇಳಬೇಕು: ಯಾವ ದೋಣಿ, ಯಾವ ಕಡೆ, ಎಷ್ಟು ದೂರ. ಎದುರಿನ ದೋಣಿ ಹತ್ತಿರವಾಗುತ್ತಿದ್ದರೂ ನಮ್ಮಿಂದ ಕಾಣುವ ಕೋನ ಬದಲಾಗದಿದ್ದರೆ ಎರಡೂ ಡಿಕ್ಕಿಯ ದಾರಿಯಲ್ಲಿವೆ ಎಂದರ್ಥ. ಎರಡು ಹಾಯಿದೋಣಿಗಳು ಬೇರೆಬೇರೆ ಮಗ್ಗುಲಿನಿಂದ ಗಾಳಿ ಪಡೆಯುತ್ತ ಎದುರಾದರೆ, ಎಡಮಗ್ಗುಲಿನಿಂದ ಗಾಳಿ ಪಡೆಯುತ್ತಿರುವುದು ದಾರಿ ಬಿಡಬೇಕು. ಕಿರಿದಾದ ಕಾಲುವೆಯಲ್ಲಿ ಬರುವ ದೊಡ್ಡ ಹಡಗಿಗೆ ಮಾತ್ರ ನಾವು ಅಡ್ಡ ಹೋಗುವಂತೆಯೇ ಇಲ್ಲ.

ಯಾರಾದರೂ ನೀರಿಗೆ ಬಿದ್ದರೆ? ಕಂಡವರು "ಮ್ಯಾನ್ ಓವರ್‌ಬೋರ್ಡ್" ಎಂದು ಕೂಗಿ, ತೇಲುವ ಬಳೆಯನ್ನು ಎಸೆಯಬೇಕು. ಒಬ್ಬರು ಕೈ ನೀಡಿ ಬಿದ್ದವರತ್ತ ತೋರಿಸುತ್ತಲೇ ನಿಲ್ಲಬೇಕು. ದೋಣಿ ಎಷ್ಟೇ ತಿರುಗಲಿ, ಹಗ್ಗ ಎಳೆಯಲು ಎಷ್ಟೇ ಕೈ ಬೇಕಾಗಲಿ, ಅವರು ಬೇರೇನೂ ಮಾಡುವಂತಿಲ್ಲ. ಅಲೆಗಳ ನಡುವೆ ಮನುಷ್ಯನ ತಲೆ ತೀರಾ ಚಿಕ್ಕದು, ಕಣ್ಣು ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ನಾವು ನೀರಿಗೆ ಕ್ಯಾನ್ ಎಸೆದು ಇದನ್ನು ಅಭ್ಯಾಸ ಮಾಡುತ್ತೇವೆ. ಹಾಯಿಯ ಗಾಳಿ ಕಳೆದು, ದೋಣಿ ಸರಿಯಾಗಿ ಕ್ಯಾನ್ ಪಕ್ಕದಲ್ಲೇ ನಿಲ್ಲಬೇಕು. ಕಲಿಸುವ ಜಾಗದಲ್ಲಿ ಈ ಅಭ್ಯಾಸವಿಲ್ಲದಿದ್ದರೆ ಅಲ್ಲಿಗೆ ಸೇರಬೇಡಿ ಎಂದೇ ನಾನು ಹೇಳುವುದು.

ಬೆಳಿಗ್ಗೆ ನೆಲದ ಕಡೆಯಿಂದ ಬರುವ ತಂಗಾಳಿ ಹೊಸಬರಿಗೆ ಅನುಕೂಲ. ಬಿಸಿಲೇರಿ ನೆಲ ಕಾದು ಅದರ ಮೇಲಿನ ಗಾಳಿ ಮೇಲೆದ್ದಂತೆ, ತಂಪಾದ ಕಡಲಗಾಳಿ ಆ ಜಾಗಕ್ಕೆ ನುಗ್ಗಿ ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟಿ ಚಿಕ್ಕದು ಮಾಡುವ ಕೆಲಸವನ್ನು, ಅಂದರೆ ರೀಫಿಂಗನ್ನು, ಗಾಳಿ ಜೋರಾಗುವ ಮೊದಲೇ ಮುಗಿಸಬೇಕು.

ಇದೇ ಕೆಲಸಗಳನ್ನು ದೊಡ್ಡ ಸಾಗರದಲ್ಲಿ ಮಾಡಿದ ನಮ್ಮ ಹೆಣ್ಣುಮಕ್ಕಳಿದ್ದಾರೆ. ವರ್ತಿಕಾ ಜೋಶಿ ನಾಯಕತ್ವದಲ್ಲಿ ನೌಕಾಪಡೆಯ ಆರು ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ 2018ರ ಮೇ 21ರಂದು ಮರಳಿದರು. ಈ ಆರು ಮಂದಿಗೆ ತರಬೇತಿ ಕೊಟ್ಟವರು, ಹಾಯಿದೋಣಿಯಲ್ಲಿ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ ದಿಲೀಪ್ ದೋಂದೆ. ಅದೇ ದೋಣಿಯಲ್ಲಿ 2024-25ರಲ್ಲಿ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ಭೂಮಿ ಸುತ್ತಿ ಬಂದರು. ಆರು ಜನರ ಹಗ್ಗಗಳನ್ನು ನಾಲ್ಕೇ ಕೈಗಳು ನಿಭಾಯಿಸಿದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮುಂಬೈಯಲ್ಲಿ ಹಾಯಿಯ ಕಾಲ ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ಗಂಟುಗಳ ಪಾಠ. ನಾನು ಅಡುಗೆಮನೆಯ ಕಿಟಕಿ ಸರಳಿಗೆ ಒಂದು ತುಂಡು ಹಗ್ಗ ನೇತುಹಾಕಿದ್ದೇನೆ. ಕುಕ್ಕರ್ ಕೂಗುವಷ್ಟರಲ್ಲಿ ಬೋಲೈನ್ ಹಾಕಿ ಬಿಚ್ಚುತ್ತೇನೆ: ಚಿಕ್ಕ ಕುಣಿಕೆ ಮಾಡಿ, ತುದಿಯನ್ನು ಅಡಿಯಿಂದ ಮೇಲೆ ತಂದು, ಉದ್ದ ಹಗ್ಗದ ಹಿಂದಿನಿಂದ ಸುತ್ತಿ, ಬಂದ ಕುಣಿಕೆಯಲ್ಲೇ ಕೆಳಗಿಳಿಸಿ ಬಿಗಿಯುವುದು. ಎಷ್ಟು ಎಳೆದರೂ ಜಾರದು, ಎಳೆತ ನಿಂತರೆ ಸುಲಭವಾಗಿ ಬಿಚ್ಚುತ್ತದೆ. ದೋಣಿಗಳು ಮತ್ತೆ ನೀರಿಗಿಳಿದಾಗ ಸ್ಪಿನೇಕರ್ ಕಲಿಸುತ್ತೇನೆಂದು ಸರ್ ಹೇಳಿದ್ದಾರೆ. ಗಾಳಿ ಹಿಂದಿನಿಂದ ಬರುವಾಗ ಮೂತಿಯ ಮುಂದೆ ಉಬ್ಬಿ ನಿಲ್ಲುವ ಆ ಹಾಯಿಗೆ ಹ್ಯಾಲ್ಯಾರ್ಡ್, ಶೀಟ್‌ಗಳ ಜೊತೆಗೆ ಗೈ ಎಂಬ ಹಗ್ಗವೂ ಒಂದು ಕೋಲೂ ಬೇಕು. ಅವು ಎಲ್ಲಿಂದ ಹಾದು ಎಲ್ಲಿಗೆ ಬರುತ್ತವೆ ಎಂದು ಈಗ ಹಾಳೆಯ ಮೇಲೆ ಚಿತ್ರ ಬರೆದು ಕಲಿಯುತ್ತಿದ್ದೇನೆ.