ಕಣ್ಣ ಕೆಳಗಿನ ಗುಳಿ ಮತ್ತು ಊತ

ಕಣ್ಣಿನ ಕೆಳಗೆ ಬೀಳುವ ಗುಳಿಯೂ ಅಲ್ಲೇ ಏಳುವ ಊತವೂ ನೋಡಲು ಒಂದಕ್ಕೊಂದು ವಿರುದ್ಧ. ಆದರೂ ಎಷ್ಟೋ ಮುಖಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ: ಮೇಲೆ ಉಬ್ಬು, ಅದರ ಕೆಳಗೇ ತಗ್ಗು. ಇದಕ್ಕೆ ಕಾರಣ ಕೆಳರೆಪ್ಪೆಯ ರಚನೆಯಲ್ಲೇ ಇದೆ.

ರೆಪ್ಪೆಯ ಚರ್ಮ ದೇಹದಲ್ಲೇ ತೀರಾ ತೆಳು, ಹೆಚ್ಚೆಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ಹೊಟ್ಟೆ, ತೊಡೆಗಳಲ್ಲಿರುವಂಥ ಕೊಬ್ಬಿನ ಹಾಸು ಅದರಡಿ ಇಲ್ಲ. ಚರ್ಮಕ್ಕೆ ಅಂಟಿಕೊಂಡಂತೆ ಕಣ್ಣು ಮುಚ್ಚುವ ಸ್ನಾಯು, ಅದರ ಹಿಂದೆ ತೆಳ್ಳನೆಯ ನಾರುಪರದೆ, ಪರದೆಯ ಹಿಂದೆ ಕಣ್ಣುಗೂಡಿನ ಕೊಬ್ಬು. ಕಣ್ಣುಗುಡ್ಡೆ ಸಲೀಸಾಗಿ ಹೊರಳಬೇಕಾದರೆ ಈ ಕೊಬ್ಬು ಇರಲೇಬೇಕು. ಕೆಳರೆಪ್ಪೆಯ ಹಿಂದೆ ಅದು ಮೂರು ಭಾಗಗಳಾಗಿ ಕೂತಿರುವುದನ್ನು ಸಾಲ್ವಡೋರ್ ಕಾಸ್ಟನ್ಯಾರೆಸ್ ಎಂಬ ಶಸ್ತ್ರವೈದ್ಯ 1951ರಲ್ಲಿ ವಿವರಿಸಿದ.

ಗುಳಿ ಬೀಳುವುದು ಮೂಗಿನ ಬದಿಯ ಕಣ್ಣಂಚಿನಿಂದ ಕೆನ್ನೆಯತ್ತ ಓರೆಯಾಗಿ ಇಳಿಯುವ ಗೆರೆಯಲ್ಲಿ. ಅಲ್ಲಿ ಏನಿದೆ ಎಂಬ ಬಗ್ಗೆ ಶಸ್ತ್ರವೈದ್ಯರಲ್ಲಿ ಬಹುಕಾಲ ಒಮ್ಮತವಿರಲಿಲ್ಲ. 2012ರಲ್ಲಿ ವಾಂಗ್, ಶೇ ಮತ್ತು ಮೆಂಡೆಲ್ಸನ್ ಎಂಬ ಮೂವರು ಮೃತದೇಹಗಳ ಮುಖ ಬಿಡಿಸಿ ನೋಡಿ, ಆ ಗೆರೆಯುದ್ದಕ್ಕೂ ಚರ್ಮವನ್ನು ಮೂಳೆಗೆ ಬಿಗಿದಿಟ್ಟ ನಾರಿನ ಕಟ್ಟೊಂದಿದೆ ಎಂದು ತೋರಿಸಿದರು. ಹತ್ತಿ ಹಾಸಿಗೆ ಹೊಲಿಯುವವರು ಅಲ್ಲಲ್ಲಿ ದಾರ ಹಾಯಿಸಿ ಬಿಗಿದು ಗಂಟು ಹಾಕುತ್ತಾರೆ. ಹಾಸಿಗೆ ಹೊಸದಿದ್ದಾಗ ಹತ್ತಿ ತುಂಬಿಕೊಂಡಿದ್ದು ದಾರದ ಜಾಗ ಅಷ್ಟಾಗಿ ಕಾಣುವುದಿಲ್ಲ. ವರ್ಷಗಳು ಉರುಳಿದಂತೆ ದಾರದ ಒಂದು ಪಕ್ಕದಲ್ಲಿ ಹತ್ತಿ ಕುಗ್ಗುತ್ತದೆ, ಇನ್ನೊಂದು ಪಕ್ಕದಲ್ಲಿ ಬಟ್ಟೆ ಸಡಿಲವಾಗಿ ಹತ್ತಿ ಹೊರಕ್ಕೆ ಉಬ್ಬುತ್ತದೆ. ದಾರ ಮಾತ್ರ ಬಿಗಿದಲ್ಲೇ ನಿಂತು ತಗ್ಗನ್ನು ಎತ್ತಿ ತೋರಿಸುತ್ತದೆ. ಕಣ್ಣ ಕೆಳಗೂ ನಡೆಯುವುದು ಇದೇ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗುತ್ತದೆ, ಮೇಲ್ದವಡೆಯ ಮೂಳೆಯೂ ತುಸು ಸವೆಯುತ್ತದೆ. ಕಟ್ಟಿನ ಮೇಲ್ಬದಿಯಲ್ಲಿ ನಾರುಪರದೆ ಸಡಿಲವಾಗಿ ಹಿಂದಿನ ಕೊಬ್ಬು ಮುಂದಕ್ಕೆ ಬರುತ್ತದೆ. ಗುಳಿಯೂ ಉಬ್ಬಿದ ಕೊಬ್ಬಿನ ಚೀಲವೂ ಒಟ್ಟಿಗೇ ಕಾಣುವ ಗುಟ್ಟು ಇಷ್ಟೇ. ಕೆಲವು ಮನೆತನಗಳಲ್ಲಿ ಈ ಕಟ್ಟು ಇಪ್ಪತ್ತರ ಪ್ರಾಯದಲ್ಲೇ ಎದ್ದು ಕಾಣುತ್ತದೆ. ನಿದ್ದೆಗೆಟ್ಟದ್ದಕ್ಕೋ ಫೋನ್ ನೋಡಿದ್ದಕ್ಕೋ ಅಲ್ಲ, ಅಪ್ಪನದೋ ಅಮ್ಮನದೋ ಮುಖದ ಬಳುವಳಿಯದು.

ಕಣ್ಣು ಗುಳಿ ಬೀಳಲು ಬೇರೆ ದಾರಿಗಳೂ ಉಂಟು. ತೂಕ ಬೇಗ ಇಳಿದರೆ ಕೊಬ್ಬು ಹೋಗಿ ಗುಳಿ ಕಾಣುತ್ತದೆ. ಗ್ಲಾಕೋಮಾಕ್ಕೆ ಹಾಕುವ ಬೈಮಾಟೊಪ್ರಾಸ್ಟ್‌ನಂಥ ಕೆಲವು ಹನಿಗಳು ಕಣ್ಣುಗೂಡಿನ ಕೊಬ್ಬನ್ನೇ ಕರಗಿಸುತ್ತವೆ; ಹಾಗೆಂದು ವೈದ್ಯರನ್ನು ಕೇಳದೆ ಹನಿ ನಿಲ್ಲಿಸಿದರೆ ದೃಷ್ಟಿಗೇ ಕುತ್ತು. ವಾಂತಿಭೇದಿಯಾದ ಮಗುವಿನ ಕಣ್ಣು ಒಳಕ್ಕೆ ಹೋಗಿದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಸಮವಾದರೆ ಮೈಯಲ್ಲಿ ನೀರು ಬತ್ತಿದೆ ಎಂದರ್ಥ. ಅದು ತಡ ಮಾಡುವ ಹೊತ್ತಲ್ಲ.

ಗುಳಿಯಲ್ಲಿ ಕಾಣುವ ಕಪ್ಪೆಲ್ಲ ಬಣ್ಣವಲ್ಲ. ನೆತ್ತಿಯ ಮೇಲಿನ ದೀಪದಡಿ ಕಪ್ಪಾಗಿದ್ದದ್ದು ಕಿಟಕಿಗೆ ಮುಖ ಮಾಡಿ ನಿಂತಾಗ ಮಾಯವಾದರೆ ಅದು ಬರೀ ನೆರಳು. ಎರಡೂ ಕಡೆ ಹಾಗೇ ಉಳಿದರೆ ಚರ್ಮದ ಮೆಲನಿನ್ ಇರಬಹುದು, ತೆಳು ಚರ್ಮದಡಿಯ ರಕ್ತನಾಳಗಳ ನೀಲಿ ಛಾಯೆಯೂ ಇರಬಹುದು. ನೆರಳಿಗೆ ಬಿಳುಪಿನ ಕ್ರೀಮು ಹಚ್ಚುವವರ ದುಡ್ಡು ದಂಡ.

ಊತದಲ್ಲಿ ಎರಡು ಜಾತಿ: ಕೊಬ್ಬಿನದು, ನೀರಿನದು. ಕನ್ನಡಿಯೆದುರು ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಮೇಲಕ್ಕೆತ್ತಿದಾಗ ಉಬ್ಬು ಹೆಚ್ಚಿದರೆ ಬಹುಮಟ್ಟಿಗೆ ಅದು ಕೊಬ್ಬು. ಬೆಳಿಗ್ಗೆ, ಸಂಜೆ ಎನ್ನದೆ ಅದು ಒಂದೇ ಸಮ ಇರುತ್ತದೆ. ನೀರಿನ ಊತ ಹಾಗಲ್ಲ. ಎದ್ದಾಗ ಜೋರು, ಮಧ್ಯಾಹ್ನದ ಹೊತ್ತಿಗೆ ಇಳಿತ. ಮಲಗಿದಾಗ ಕಾಲಿನ ನೀರೂ ತಲೆಯ ಕಡೆ ಹಂಚಿಕೆಯಾಗುತ್ತದೆ. ರೆಪ್ಪೆಯ ಸಡಿಲ ಜಾಗ ಅದನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ರೆಪ್ಪೆ ಬಡಿಯುವಾಗ ಸ್ನಾಯು ಒತ್ತಿ ದುಗ್ಧರಸವನ್ನು ಸಾಗಿಸುತ್ತದೆ, ನಿದ್ದೆಯಲ್ಲಿ ಆ ಕೆಲಸ ನಿಲ್ಲುತ್ತದೆ. ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾಗಿದ್ದರೆ ಉಪ್ಪು ಇನ್ನಷ್ಟು ನೀರನ್ನು ಮೈಯಲ್ಲೇ ನಿಲ್ಲಿಸುತ್ತದೆ.

ಈ ನೀರಿನ ಲೆಕ್ಕ ಬಿಡಿಸಿದ ಇಬ್ಬರೂ ಲಂಡನ್ನಿನ ಗೈಸ್ ಆಸ್ಪತ್ರೆಯವರು. ಮೈ ಬಾತ ರೋಗಿಗಳ ಮೂತ್ರವನ್ನು ಚಮಚೆಯಲ್ಲಿ ಹಾಕಿ ದೀಪದ ಉರಿಗೆ ಹಿಡಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದನ್ನು ರಿಚರ್ಡ್ ಬ್ರೈಟ್ ಗಮನಿಸಿದ. ಸತ್ತವರ ಮೂತ್ರಪಿಂಡ ಕೊಯ್ದು ನೋಡಿದರೆ ಅವು ಕೆಟ್ಟಿರುತ್ತಿದ್ದವು. ಬಾವು, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು, ಕೆಟ್ಟ ಮೂತ್ರಪಿಂಡ ಈ ಮೂರನ್ನೂ ಆತ 1827ರಲ್ಲಿ ಒಂದೇ ರೋಗವಾಗಿ ಜೋಡಿಸಿದ. ಅಲ್ಬುಮಿನ್ ಸೋರಿದರೆ ಮೈ ಏಕೆ ಬಾಯಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು 1896ರಲ್ಲಿ, ಅರ್ನೆಸ್ಟ್ ಸ್ಟಾರ್ಲಿಂಗ್‌ನಿಂದ. ರಕ್ತದೊತ್ತಡ ಲೋಮನಾಳದಿಂದ ನೀರನ್ನು ಹೊರಕ್ಕೆ ತಳ್ಳುತ್ತದೆ. ರಕ್ತದ ಪ್ರೋಟೀನು ಅದನ್ನು ಒಳಕ್ಕೆ ಎಳೆಯುತ್ತದೆ. ಆತ ನಾಯಿಯ ಹಿಂಗಾಲಿನ ಅಂಗಾಂಶಕ್ಕೆ ಉಪ್ಪುನೀರು ಚುಚ್ಚಿದಾಗ ರಕ್ತ ಅದನ್ನು ಹೀರಿಕೊಂಡಿತು. ಪ್ರೋಟೀನಿರುವ ಸೀರಂ ಚುಚ್ಚಿದಾಗ ಹೀರಲಿಲ್ಲ. ಬ್ರೈಟ್ ಕಂಡದ್ದರ ಅರ್ಥ ಹೀಗೆ ಸುಮಾರು 70 ವರ್ಷಗಳ ಮೇಲೆ ತಿಳಿಯಿತು. ಇವತ್ತಿಗೂ, ಬೆಳಿಗ್ಗೆ ಕಣ್ಣು ಬಾತು ಸಂಜೆ ಪಾದ ಊದುವ ಮಗುವಿನ ಮೂತ್ರದಲ್ಲಿ ನೊರೆ ಬಿಡದೆ ನಿಂತರೆ ವೈದ್ಯರು ಮೊದಲು ಅಲ್ಬುಮಿನನ್ನೇ ಹುಡುಕುತ್ತಾರೆ.

ಥೈರಾಯ್ಡ್ ಕುಂದಿದಾಗಲೂ ರೆಪ್ಪೆ ದಪ್ಪಗಾಗುತ್ತದೆ. ಅಲ್ಲಿ ಅಂಗಾಂಶದೊಳಗೆ ಸೇರುವ ಜಿಗುಟು ಪದಾರ್ಥಗಳು ನೀರನ್ನು ಹಿಡಿದಿಡುತ್ತವೆ. ಹಾಗಾಗಿ ಬೆರಳಿನಿಂದ ಒತ್ತಿದರೆ ಗುಳಿ ಉಳಿಯುವುದಿಲ್ಲ.

ಅನುಭವ ಹೇಗಿದೆ ಎಂಬುದೂ ಕಾರಣದ ಸುಳಿವು. ಕೊಬ್ಬಿನ ಚೀಲಕ್ಕೆ ನೋವಿಲ್ಲ, ಗುಳಿಗೂ ಇಲ್ಲ. ನೀರಿನ ಊತದಲ್ಲಿ ಭಾರ, ಬಿಗಿ, ಕಣ್ಣು ಪೂರ್ತಿ ತೆರೆಯದ ಭಾವ. ನೋವು ಇರುವುದು ಅಪರೂಪ. ತುರಿಕೆಯಿದ್ದರೆ ಅಲರ್ಜಿ. ಮುಖ್ಯವಾಗಿ ಕೂದಲಿನ ಬಣ್ಣ ಹಚ್ಚಿದ ಮರುದಿನ ರೆಪ್ಪೆ ಊದಿದರೆ ಅನುಮಾನ ಆ ಬಣ್ಣದ ಮೇಲೇ ಹೋಗಬೇಕು. ಒಂದೇ ಕಣ್ಣು ಬಿಸಿಯಾಗಿ ಕೆಂಪಾಗಿ ನೋಯುತ್ತಿದ್ದರೆ ಸೋಂಕು. ಕಣ್ಣು ಹೊರಳಿಸಲು ನೋವಾದರೆ, ದೃಷ್ಟಿ ಮಬ್ಬಾದರೆ, ಗುಡ್ಡೆ ಮುಂದಕ್ಕೆ ಬಂದರೆ ಸೋಂಕು ರೆಪ್ಪೆಯ ಆ ತೆಳು ನಾರುಪರದೆ ದಾಟಿ ಒಳಗೆ ಹೋಗಿರಬಹುದು. ಆಗ ಆಸ್ಪತ್ರೆ ಸೇರುವುದು ಒಂದೇ ದಾರಿ.

ಬೆಳಗಿನ ಮಾಮೂಲಿ ಊತಕ್ಕೆ ಉಪ್ಪು ಕಡಿಮೆ ಮಾಡುವುದು, ತಲೆ ಸ್ವಲ್ಪ ಎತ್ತರಿಸಿ ಮಲಗುವುದು, ತಣ್ಣನೆಯ ಬಟ್ಟೆ ಇಡುವುದು ಸಾಕು. ತಂಪಿಗೆ ರಕ್ತನಾಳ ಕುಗ್ಗುತ್ತದೆ. ಸೌತೆಕಾಯಿ ಬಿಲ್ಲೆಯ ಗುಣವೂ ಬಹುಪಾಲು ಆ ತಂಪೇ. ಕೆಫೀನ್ ಕ್ರೀಮುಗಳ ಪರಿಣಾಮ ಅಲ್ಪಕಾಲದ್ದು, ಅವುಗಳ ಜಾಹೀರಾತಿನ ಆರ್ಭಟಕ್ಕೆ ತಕ್ಕದ್ದಂತೂ ಅಲ್ಲ. ಗುಳಿ ತುಂಬಲು ಚುಚ್ಚುವ ಹಯಾಲುರಾನಿಕ್ ಆಮ್ಲ ತಾನೇ ನೀರು ಎಳೆಯುವ ವಸ್ತು. ಊತದ ಸ್ವಭಾವವಿರುವವರಿಗೆ ಅದು ಚೀಲವನ್ನು ದೊಡ್ಡದು ಮಾಡೀತು. ತೀರಾ ಮೇಲ್ಪದರಕ್ಕೆ ಹೋದರೆ ಚರ್ಮದಡಿ ನೀಲಿಯಾಗಿ ತೋರುತ್ತದೆ. ರಕ್ತನಾಳದೊಳಗೆ ಹೋದರೆ, ಅಪರೂಪಕ್ಕಾದರೂ, ಕಣ್ಣೇ ಹೋಗಬಹುದು. ಕೊಬ್ಬಿನ ಚೀಲಕ್ಕೆ ಉಳಿದಿರುವುದು ಶಸ್ತ್ರಚಿಕಿತ್ಸೆ. ಹಿಂದೆ ಕೊಬ್ಬನ್ನು ಕತ್ತರಿಸಿ ತೆಗೆದೇಬಿಡುತ್ತಿದ್ದರು, ಕೆಲ ವರ್ಷಗಳಲ್ಲಿ ಅದೇ ಜಾಗ ಗುಳಿ ಬೀಳುತ್ತಿತ್ತು. ಬ್ರೆಜಿಲ್‌ನ ರೌಲ್ ಲೋಯೆಬ್ 1981ರಲ್ಲಿ, ಉಬ್ಬಿದ ಕೊಬ್ಬನ್ನು ಬಿಸಾಡದೆ ಕೆಳಗಿನ ತಗ್ಗಿಗೆ ಸರಿಸಿ ಕೂರಿಸುವ ವಿಧಾನವನ್ನು ಪ್ರಕಟಿಸಿದ. ಈಗ ಅದರ ಹಲವು ರೂಪಗಳು ಚಾಲ್ತಿಯಲ್ಲಿವೆ. ಆದರೆ ಊತ ನೀರಿನದಾಗಿದ್ದರೆ ಈ ಶಸ್ತ್ರಚಿಕಿತ್ಸೆಯಿಂದ ಅದು ಇಳಿಯುವುದಿಲ್ಲ.